ತಾಳೆಯಾಗದ ಚಕ್ರ

ಗಾಡಿಯಲ್ಲಿ ಸದ್ದು ಬಂದರೆ ಕಿವಿಗೊಟ್ಟು ಹುಡುಕಬಹುದು. ಹೊಗೆ ಬಂದರೆ ಕಣ್ಣಿಗೆ ಕಾಣುತ್ತದೆ. ಎಣ್ಣೆ ಸೋರಿದರೆ ನೆಲವೇ ಸಾಕ್ಷಿ ಹೇಳುತ್ತದೆ. ನಡುಕ ಮಾತ್ರ ಹಾಗಲ್ಲ. ಅದು ಹುಟ್ಟುವುದು ಒಂದು ಕಡೆ, ಗೊತ್ತಾಗುವುದು ಇನ್ನೊಂದು ಕಡೆ. ಮುಂದಿನ ಚಕ್ರದಲ್ಲಿ ಹುಟ್ಟಿದ ನಡುಕ ಕೈಗೆ ತಿಳಿಯುತ್ತದೆ, ಹಿಂದಿನದು ಬೆನ್ನಿಗೆ ತಿಳಿಯುತ್ತದೆ. ಗ್ಯಾರೇಜಿನಲ್ಲಿ ನಿಲ್ಲಿಸಿ ತೋರಿಸೋಣ ಎಂದರೆ ಅಲ್ಲಿ ಅದು ಬರುವುದೇ ಇಲ್ಲ!

ನಾನು ಮೆಕ್ಯಾನಿಕ್ ಅಲ್ಲ. ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತೈದು ವರ್ಷ ಲೆಡ್ಜರ್ ಬರೆದು, ಈಗ ಆಲ್ದೂರಿನ ಮನೆಯಲ್ಲಿ ಮೊಮ್ಮಗಳ ಜೊತೆ ಕಾಲ ಕಳೆಯುತ್ತಿರುವ ಎಪ್ಪತ್ತು ದಾಟಿದವನು. ಆದರೂ ಕಳೆದ ದೀಪಾವಳಿಯಲ್ಲಿ ಒಂದು ಸ್ಪೋರ್ಟ್ಸ್ ಕಾರಿನ ನಡುಕವನ್ನು ಹುಡುಕುವ ಕೆಲಸದಲ್ಲಿ ನನ್ನದೂ ಒಂದು ಪಾಲಿತ್ತು. ಮಕ್ಕಳಿಗೆ ಅದರಲ್ಲಿ ಒಂದಿಷ್ಟು ಲೆಕ್ಕವಿದೆ, ದೊಡ್ಡವರಿಗೆ ಒಂದಿಷ್ಟು ಹಣ ಉಳಿಸುವ ದಾರಿಯಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಕಾರು ನನ್ನ ತಮ್ಮನ ಮಗನದು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ನಡೆಯುತ್ತಿದ್ದಾಗ ಬೇಲಿ ಪಕ್ಕ ನಿಂತು ಕೆಂಧೂಳು ಕುಡಿದ ಹುಡುಗ ಅವನು. 2013ರಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್ ಆಗಿ, 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಗೌರವ್ ಗಿಲ್ ಎಂದರೆ ಅವನಿಗೆ ದೇವರ ಸಮಾನ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ನಾಲ್ಕು ಕಾಸು ಕೂಡಿದ ಮೇಲೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ಬಾಗಿಲಿನ, ನೆಲಕ್ಕಂಟಿದ ಕೆಂಪು ಕಾರೊಂದನ್ನು ಕೊಂಡ. ತಂದೆ ಇಲ್ಲದ ಹುಡುಗ. ಅಮ್ಮನನ್ನು ಅದರಲ್ಲಿ ಕೂರಿಸಿಕೊಂಡು ಹೊರನಾಡಿಗೆ ಹೋಗಿಬರಬೇಕು ಎಂಬುದು ಅವನ ಆಸೆ.

ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದಾಗ ಮಳೆ ಬಿಟ್ಟಿರಲಿಲ್ಲ. ತೋಟದ ದಾರಿಯಲ್ಲಿ ಕಾರಿನ ಎಡಚಕ್ರಗಳು ಕೆಸರಿನಲ್ಲಿ ಹೂತು, ಟ್ರ್ಯಾಕ್ಟರ್ ಕಟ್ಟಿ ಎಳೆಸಬೇಕಾಯಿತು. ಎರಡು ದಿನ ಮನೆ ಮುಂದೆ ನಿಂತಿದ್ದು ಕಾರು ಬೆಂಗಳೂರಿಗೆ ಹೊರಟಿತು. ದಾರಿಯಲ್ಲಿ ಸ್ಟಿಯರಿಂಗ್ ನಡುಗತೊಡಗಿತು. ಅಲ್ಲಿ ಚಕ್ರಗಳ ಬ್ಯಾಲೆನ್ಸಿಂಗ್ ಮಾಡುವ ಅಂಗಡಿಯೊಂದರಲ್ಲಿ ತೋರಿಸಿದ. ಸರಿಹೋಯಿತು. ಒಂದು ವಾರ ಕಳೆದು ಕಾರನ್ನು ತೊಳೆಸಿಕೊಂಡು ಬಂದ ಮೇಲೆ ಮತ್ತೆ ನಡುಕ. ಈ ಸಲ ಬೇರೆ ಗ್ಯಾರೇಜು. ‘ಬ್ಯಾಲೆನ್ಸಿಂಗ್ ಮೊನ್ನೆಯೇ ಆಗಿದೆ’ ಎಂದು ಇವನು ರಸೀದಿ ತೋರಿಸಿದ. ಹಾಗಾದರೆ ಡ್ರೈವ್ ಶಾಫ್ಟ್ ಇರಬೇಕು, ಸ್ಟಿಯರಿಂಗ್ ರ‍್ಯಾಕ್ ಇರಬೇಕು ಎಂದು ಅವರು 78,000 ರೂಪಾಯಿಯ ಅಂದಾಜು ಪಟ್ಟಿ ಕೊಟ್ಟರು.

ದೀಪಾವಳಿಗೆ ಬಂದವನ ಮುಖ ಬಾಡಿತ್ತು. ಅವನ ಅಮ್ಮ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಳು: “ಆ ನಡುಗೋ ಗಾಡಿಲಿ ನಾನು ಕೂರಲ್ಲ ಭಾವ. ಅವನನ್ನೂ ಘಾಟಿ ಹತ್ತಿಸಬೇಡಿ.” ಅವಳ ಹೆದರಿಕೆ ಸುಳ್ಳಲ್ಲ. ನಡುಗುವ ಚಕ್ರದ ನಟ್ಟು ಸಡಿಲವಾಗಿರಬಹುದು, ಟೈರಿನ ಒಳಗಿನ ಪದರ ಕಿತ್ತಿರಬಹುದು. ಅಂಥದ್ದನ್ನು ಹಾಗೇ ಓಡಿಸುವುದು ಪ್ರಾಣಕ್ಕೆ ಸಂಚಕಾರ. ಆದ್ದರಿಂದ ಮೊದಲು ಮಾಡಿದ್ದು ಅದೇ ಕೆಲಸ. ನಾಲ್ಕು ಚಕ್ರಗಳ ನಟ್ಟು, ಟೈರಿನ ಗಾಳಿ, ಟೈರಿನಲ್ಲಿ ಉಬ್ಬು ಅಥವಾ ಸೀಳು ಇದೆಯೇ ಎಂದು ಪರೀಕ್ಷೆ ಮಾಡಿಸಿದೆವು. ಎಲ್ಲ ಸರಿಯಿತ್ತು.

“ಕಾರು ಮಾರಿಬಿಡ್ತೀನಿ ದೊಡ್ಡಪ್ಪ” ಅಂದ ಅವನು.

“ಮಾರು ಮಾರಾಯ, ಬೇಡ ಅನ್ನಲ್ಲ. ಆದರೆ ವ್ಯತ್ಯಾಸ ಎಷ್ಟು ಅಂತ ನೋಡದೆ ಲೆಡ್ಜರನ್ನೇ ಹರಿದು ಹಾಕ್ತಾರಾ?” ಅಂದೆ.

ಇಲ್ಲಿ ಸ್ವಲ್ಪ ನನ್ನ ಕಸುಬಿನ ಮಾತು ಹೇಳಬೇಕು. ಕಂಪ್ಯೂಟರ್ ಬರುವ ಮುಂಚೆ ಬ್ಯಾಂಕಿನ ಲೆಕ್ಕವನ್ನು ಕೈಯಲ್ಲೇ ತಾಳೆ ನೋಡಬೇಕಿತ್ತು. ಎರಡು ಕಡೆಯ ಮೊತ್ತ ಒಂದೇ ಆಗದಿದ್ದರೆ ಮನೆಗೆ ಹೋಗುವಂತಿಲ್ಲ. ಹಾಗೆಂದು ಹಳಬರು ಮೊದಲ ಪುಟದಿಂದ ತಿರುವಿಹಾಕುತ್ತಿರಲಿಲ್ಲ. ಮೊದಲು ವ್ಯತ್ಯಾಸವನ್ನೇ ಮಾತಾಡಿಸುತ್ತಿದ್ದರು. ಅದು 9ರಿಂದ ಭಾಗವಾದರೆ, ಯಾರೋ ಅಂಕಿಗಳನ್ನು ಹಿಂದುಮುಂದು ಬರೆದಿರಬಹುದು. 527 ಬರೆಯುವ ಕಡೆ 572 ಬರೆದರೆ ವ್ಯತ್ಯಾಸ 45. 9 ಐದಲ 45. ಯಾವುದೇ ಅಂಕಿಗಳನ್ನು ಅದಲು ಬದಲು ಮಾಡಿ ಕಳೆದು ನೋಡಿ ಮಕ್ಕಳೇ, 9 ತಪ್ಪುವುದಿಲ್ಲ. ಇನ್ನು, ಜಮಾ ಕಡೆ ಬರೆಯಬೇಕಾದ 350ನ್ನು ಖರ್ಚಿನ ಕಡೆ ಬರೆದರೆ ವ್ಯತ್ಯಾಸ 700 ಬರುತ್ತದೆ. ಆಗ 700ನ್ನು ಹುಡುಕಬಾರದು, ಅದರ ಅರ್ಧವಾದ 350ನ್ನು ಹುಡುಕಬೇಕು. ತಪ್ಪು ತನ್ನ ಗುರುತನ್ನು ಬಿಟ್ಟೇ ಹೋಗಿರುತ್ತದೆ.

ಕಾರಿನ ನಡುಕಕ್ಕೂ ಹೀಗೆಯೇ ಪ್ರಶ್ನೆ ಕೇಳಬಹುದು. ಕಾರಿನಲ್ಲಿ ತಿರುಗುವ ವಸ್ತುಗಳು ಬಹಳ. ಎಂಜಿನ್ ಒಂದು ವೇಗದಲ್ಲಿ ತಿರುಗುತ್ತದೆ, ಚಕ್ರ ಇನ್ನೊಂದು ವೇಗದಲ್ಲಿ. ನಡುಕ ಯಾರ ತಾಳಕ್ಕೆ ಕುಣಿಯುತ್ತಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಆಲ್ದೂರಿನ ತಿರುವು ರಸ್ತೆಯಲ್ಲಿ ಈ ಪರೀಕ್ಷೆ ಆಗದು. ಬೆಳಗ್ಗೆ ಆರಕ್ಕೇ ಹೊರಟು, ವಸ್ತಾರೆ ದಾಟಿ, ಚಿಕ್ಕಮಗಳೂರು ದಾಟಿ, ಸಖರಾಯಪಟ್ಟಣದ ಕಡೆಗೆ ಹೋಗುವ ಕಡೂರು ರಸ್ತೆ ಹಿಡಿದೆವು. ಅಲ್ಲಿ ಬೆಟ್ಟ ಮುಗಿದು ನೇರವಾದ ರಸ್ತೆ ಸಿಗುತ್ತದೆ. ಹುಡುಗ ಸ್ಟಿಯರಿಂಗ್ ಹಿಡಿದ, ನಾನು ಪಕ್ಕದಲ್ಲಿ. ಹಿಂದಿನ ಇಕ್ಕಟ್ಟು ಸೀಟಿನಲ್ಲಿ ಏಳನೇ ಕ್ಲಾಸಿನ ಮೊಮ್ಮಗಳು ಬೆಲ್ಟ್ ಹಾಕಿಕೊಂಡು, ನೋಟ್‌ಪುಸ್ತಕ ಹಿಡಿದು ಕೂತಿದ್ದಳು.

ಮೊದಲ ಪ್ರಶ್ನೆ: ಕಾರು ನಿಂತಿರುವಾಗ ಎಂಜಿನ್ನನ್ನು ಜೋರಾಗಿ ಓಡಿಸಿದರೆ ನಡುಗುತ್ತದೆಯೇ? ಇಲ್ಲ.

ಎರಡನೆಯದು: ಯಾವ ವೇಗದಲ್ಲಿ ನಡುಕ? ಗಂಟೆಗೆ 60ರಲ್ಲಿ ಏನೂ ಇಲ್ಲ. 75ಕ್ಕೆ ಶುರುವಾಗಿ 90ಕ್ಕೆ ಸ್ಟಿಯರಿಂಗ್ ಕೈಯಲ್ಲಿ ನಿಲ್ಲದಷ್ಟು.

ಮೂರನೆಯದು: 90ರಲ್ಲೇ ಇದ್ದು ಐದನೇ ಗೇರಿನಿಂದ ನಾಲ್ಕಕ್ಕೆ ತಂದರೆ? ಎಂಜಿನ್ ನಿಮಿಷಕ್ಕೆ 2400 ಸುತ್ತಿನಿಂದ 3000 ಸುತ್ತಿಗೆ ಏರಿತು. ನಡುಕ ಇದ್ದ ಹಾಗೇ ಇತ್ತು. ಅಂದರೆ ಎಂಜಿನ್ ನಿರಪರಾಧಿ.

ನಾಲ್ಕನೆಯದು: ಗೇರನ್ನು ನ್ಯೂಟ್ರಲ್ಲಿಗೆ ತಂದು ಕಾರನ್ನು ತಾನಾಗಿ ಉರುಳಲು ಬಿಟ್ಟರೆ? ಆಗಲೂ ಅದೇ ನಡುಕ. ಡ್ರೈವ್ ಶಾಫ್ಟ್ ಕೆಟ್ಟಿದ್ದರೆ ಸಾಮಾನ್ಯವಾಗಿ ಎಂಜಿನ್ ಎಳೆಯುವಾಗ ನಡುಕ ಹೆಚ್ಚಬೇಕು, ಬಿಟ್ಟಾಗ ತಗ್ಗಬೇಕು. (ಈ ಪರೀಕ್ಷೆಯನ್ನು ಖಾಲಿಯಾದ ನೇರ ರಸ್ತೆಯಲ್ಲಿ, ಪಳಗಿದ ದೊಡ್ಡವರು ಮಾತ್ರ ಮಾಡಬೇಕು. ಕೀ ತಿರುಗಿಸಿ ಎಂಜಿನ್ ಆರಿಸಕೂಡದು. ಸ್ಟಿಯರಿಂಗು, ಬ್ರೇಕು ಎರಡೂ ಬಿಗಿಯಾಗುತ್ತವೆ. ಘಾಟಿಯ ಇಳಿಜಾರಿನಲ್ಲಂತೂ ನ್ಯೂಟ್ರಲ್ ಬೇಡವೇ ಬೇಡ.)

ಐದನೆಯದು: ಹಗುರವಾಗಿ ಬ್ರೇಕ್ ಒತ್ತಿದರೆ ನಡುಕ ಜಾಸ್ತಿಯಾಗುತ್ತದೆಯೇ? ಇಲ್ಲ. ಬ್ರೇಕಿನ ಡಿಸ್ಕ್ ಸೊಟ್ಟಗಾಗಿಲ್ಲ ಎಂದಾಯಿತು.

ಆರನೆಯ ಪ್ರಶ್ನೆ ಮೊಮ್ಮಗಳದು. “ಅಜ್ಜ, ಸೆಕೆಂಡಿಗೆ ಎಷ್ಟು ಸಲ ನಡುಗುತ್ತೆ ಅಂತ ಎಣಿಸಬಹುದಲ್ವಾ?” ಈಗಿನ ಮೊಬೈಲಿನೊಳಗೆ ಅಲುಗಾಟ ಅಳೆಯುವ ಪುಟ್ಟ ಸಾಧನ ಇರುತ್ತದೆ, ಫೋನನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡವಾಗುವುದು ಅದರಿಂದಲೇ. ಅದು ಅಳೆದದ್ದನ್ನು ತೋರಿಸುವ ಆ್ಯಪ್ ಹಾಕಿಕೊಂಡಿದ್ದಳು. 90ರ ವೇಗದಲ್ಲಿ ಉತ್ತರ ಬಂತು: ಸೆಕೆಂಡಿಗೆ ಹೆಚ್ಚುಕಡಿಮೆ 13.

ಕಾರು ನಿಲ್ಲಿಸಿ, ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಒಂದು ಸುತ್ತು ಉರುಳಿಸಿ, ನೆಲದ ಮೇಲೆ ಟೇಪು ಹಿಡಿದೆವು. 1 ಮೀಟರ್ 95 ಸೆಂಟಿಮೀಟರ್. ಗಂಟೆಗೆ 90 ಕಿಲೋಮೀಟರ್ ಎಂದರೆ ಸೆಕೆಂಡಿಗೆ 25 ಮೀಟರ್. 25ನ್ನು 1.95ರಿಂದ ಭಾಗಿಸಿದರೆ 12.8. ಚಕ್ರದ ಒಂದು ಸುತ್ತಿಗೆ ಒಂದು ನಡುಕ! ಅದೇ ಹೊತ್ತಿನಲ್ಲಿ ಎಂಜಿನ್ ತಿರುಗುತ್ತಿದ್ದದ್ದು ಸೆಕೆಂಡಿಗೆ 40 ಇಲ್ಲವೇ 50 ಸುತ್ತು. ಎರಡಕ್ಕೂ ಸಂಬಂಧವೇ ಇಲ್ಲ. 45 ವ್ಯತ್ಯಾಸ ಬಂದಾಗ 9 ಕಣ್ಣಿಗೆ ಬಿದ್ದಂತೆ, ಇಲ್ಲಿ ಚಕ್ರ ಕಣ್ಣಿಗೆ ಬಿತ್ತು.

ನಾಲ್ಕರಲ್ಲಿ ಯಾವ ಚಕ್ರ? ರಸ್ತೆ ಬದಿಯ ಪಂಕ್ಚರ್ ಅಂಗಡಿಯವನು ಜ್ಯಾಕ್ ಕೊಟ್ಟ. ಈ ಕಾರಿನ ನಾಲ್ಕೂ ಚಕ್ರಗಳು ಒಂದೇ ಅಳತೆಯವು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ಕಟ್ಟುನಿಟ್ಟು ಮಾಡಿಕೊಂಡೆವು. ಬಲಗಡೆಯ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿ ಓಡಿಸಿದರೆ ಏನೂ ಬದಲಾಗಲಿಲ್ಲ. ಅವನ್ನು ಮೊದಲಿನಂತೆ ಹಾಕಿ, ಎಡಗಡೆ ಹಾಗೇ ಮಾಡಿದೆವು. ಈ ಸಲ ಸ್ಟಿಯರಿಂಗ್ ತಣ್ಣಗಾಯಿತು. ಹಿಂದಿನಿಂದ ಮೊಮ್ಮಗಳ ಕೂಗು: “ಅಜ್ಜ, ನನ್ನ ಸೀಟು ನಡುಗ್ತಿದೆ!” ಕಳ್ಳ ಎಡಗಡೆಯ ಮುಂದಿನ ಚಕ್ರ. ಕೆಸರಿನಲ್ಲಿ ಹೂತಿದ್ದವುಗಳಲ್ಲಿ ಅದೂ ಒಂದು.

ಚಕ್ರ ಬಿಚ್ಚಿ ಒಳಮೈ ನೋಡಿದೆವು. ರಿಮ್ಮಿನ ಒಳಗಡೆ ಐದೈದು ಗ್ರಾಮಿನ ತೂಕದ ತುಂಡುಗಳು ಸಾಲಾಗಿ ಹನ್ನೆರಡು ಅಂಟಿಕೊಂಡಿದ್ದವು. ಒಟ್ಟು 60 ಗ್ರಾಂ. ಅದಕ್ಕೆ ಸರಿಯಾಗಿ ಎದುರುಗಡೆ, ಅಂಗೈಯಷ್ಟು ಅಗಲದ ಕೆಂಪು ಮಣ್ಣಿನ ಕಲೆ. ಆಗ ಎಲ್ಲ ಅರ್ಥವಾಯಿತು.

ಹಬ್ಬದಲ್ಲಿ ಹೂತಾಗ ರಿಮ್ಮಿನೊಳಗೆ ಕೆಸರು ಹೊಕ್ಕಿದೆ. ಕಾರು ಎರಡು ದಿನ ನಿಂತಿದ್ದಾಗ ಅದೆಲ್ಲ ಕೆಳಕ್ಕಿಳಿದು ಒಂದೇ ಕಡೆ ಗಟ್ಟಿಯಾಗಿದೆ. ಮೊದಲ ನಡುಕ ಅದರದ್ದು. ಬ್ಯಾಲೆನ್ಸಿಂಗ್ ಅಂಗಡಿಯಲ್ಲಿ ಮಣ್ಣು ತೆಗೆಯದೆ ಚಕ್ರವನ್ನು ಯಂತ್ರಕ್ಕೆ ಹಾಕಿದ್ದಾರೆ. ಮಣ್ಣಿಗೆ ಎದುರಾಗಿ 60 ಗ್ರಾಂ ಬೇಕು ಎಂದಿದೆ ಯಂತ್ರ. ಅಂಟಿಸಿದ್ದಾರೆ, ನಡುಕ ನಿಂತಿದೆ. ಆಮೇಲೆ ಜೋರು ನೀರಿನಲ್ಲಿ ತೊಳೆದಾಗ ಮಣ್ಣು ಬಿದ್ದುಹೋಗಿದೆ. ಅದಕ್ಕೆಂದು ಇಟ್ಟ ತೂಕ ಮಾತ್ರ ಉಳಿದುಕೊಂಡಿದೆ. ಎರಡನೇ ನಡುಕ ಈ ತೂಕದ್ದು!

ನನಗೆ ಹಳೆಯ ಸಸ್ಪೆನ್ಸ್ ಖಾತೆ ನೆನಪಾಯಿತು. ಲೆಕ್ಕ ಹೊಂದದಿದ್ದಾಗ ವ್ಯತ್ಯಾಸವನ್ನು ತಾತ್ಕಾಲಿಕವಾಗಿ ಅದರಲ್ಲಿ ಹಾಕಿಡುವುದುಂಟು. ಮೂಲ ತಪ್ಪು ಸಿಕ್ಕಿ ತಿದ್ದಿದ ದಿನವೇ ಆ ನಮೂದನ್ನೂ ತೆಗೆಯಬೇಕು. ತೆಗೆಯದಿದ್ದರೆ ನಿನ್ನೆಯ ಮದ್ದೇ ಇಂದಿನ ರೋಗ.

60 ಗ್ರಾಂ ಎಂದರೆ ಎಷ್ಟು? ಹತ್ತು ರೂಪಾಯಿಯ ಒಂದು ನಾಣ್ಯ 7.71 ಗ್ರಾಂ ತೂಗುತ್ತದೆ. ಎಂಟು ನಾಣ್ಯದಷ್ಟಾಯಿತು. ಇಷ್ಟಕ್ಕೆ ಅಷ್ಟು ದೊಡ್ಡ ಕಾರು ನಡುಗುತ್ತದೆಯೇ? ಕಲ್ಲನ್ನು ದಾರಕ್ಕೆ ಕಟ್ಟಿ ಗಿರಗಿರನೆ ತಿರುಗಿಸಿದರೆ ಕೈಯನ್ನು ಹೊರಗೆ ಜಗ್ಗುತ್ತದಲ್ಲ, ಹಾಗೆ ಈ ತೂಕವೂ ಚಕ್ರವನ್ನು ಜಗ್ಗುತ್ತದೆ. ವೇಗ ಎರಡರಷ್ಟಾದರೆ ಜಗ್ಗು ನಾಲ್ಕರಷ್ಟಾಗುತ್ತದೆ. ಈ ಚಕ್ರದಲ್ಲಿ ಗಂಟೆಗೆ 45 ಕಿ.ಮೀ. ವೇಗಕ್ಕೆ ಅದು ಸುಮಾರು 2 ಕೆ.ಜಿ. ಭಾರದಷ್ಟು ಬಲದಿಂದ ಜಗ್ಗಿದರೆ, 90ರಲ್ಲಿ ಸುಮಾರು 8 ಕೆ.ಜಿ.ಯಷ್ಟು. ಅದೂ ಸೆಕೆಂಡಿಗೆ 13 ಸಲ ಮೇಲೆ, ಕೆಳಗೆ, ಹಿಂದೆ, ಮುಂದೆ. ನಮ್ಮೂರಿನ ತಿರುವುಗಳಲ್ಲಿ ಸುಮ್ಮನಿದ್ದು ಕಡೂರು ರಸ್ತೆಯಲ್ಲಿ ಕುಣಿದದ್ದು ಇದಕ್ಕೇ. ಮನೆಯ ವಾಷಿಂಗ್ ಮೆಷಿನ್ನಿನಲ್ಲಿ ಒದ್ದೆ ಕಂಬಳಿ ಒಂದೇ ಕಡೆ ಮುದ್ದೆಯಾದಾಗ ಅದು ಧಡಧಡ ಎನ್ನುವುದೂ ಇದೇ ಕಾರಣಕ್ಕೆ.

ಎದುರು ತೂಕ ಇಡುವುದೇ ತಪ್ಪು ಎಂದು ತಿಳಿಯಬಾರದು. ನಾಲ್ಕು ಸಿಲಿಂಡರಿನ ದೊಡ್ಡ ಎಂಜಿನ್‌ಗಳಿಗೆ ಹುಟ್ಟಿನಿಂದಲೇ ಒಂದು ನಡುಕವಿರುತ್ತದೆ. ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1904ರಲ್ಲೇ ಇದಕ್ಕೆ ಉಪಾಯ ಕಂಡು ಪೇಟೆಂಟ್ ಪಡೆದರು. ಒಂದೊಂದು ಬದಿ ಭಾರವಿರುವ ಎರಡು ದಂಡಗಳನ್ನು ಪರಸ್ಪರ ವಿರುದ್ಧ ದಿಕ್ಕಿಗೆ, ಎಂಜಿನ್ನಿನ ಎರಡರಷ್ಟು ವೇಗದಲ್ಲಿ ತಿರುಗಿಸಿದರೆ, ಅವುಗಳ ನಡುಕವೂ ಎಂಜಿನ್ನಿನ ನಡುಕವೂ ಒಂದನ್ನೊಂದು ನುಂಗಿಹಾಕುತ್ತವೆ. ಜಪಾನಿನ ಮಿತ್ಸುಬಿಷಿ ಕಂಪನಿ 1970ರ ದಶಕದಲ್ಲಿ ಇದನ್ನು ಬೆಳೆಸಿತು. ಜರ್ಮನಿಯ ಪೋರ್ಶೆ ಕಂಪನಿ ತನ್ನ 944 ಎಂಬ ಸ್ಪೋರ್ಟ್ಸ್ ಕಾರಿನ 2.5 ಲೀಟರ್ ಎಂಜಿನ್ನಿಗೆ ಮಿತ್ಸುಬಿಷಿಗೆ ಹಣ ಕಟ್ಟಿ ಇದನ್ನು ಅಳವಡಿಸಿಕೊಂಡಿತು. ಅಲ್ಲಿ ಎದುರು ತೂಕ ಇಟ್ಟದ್ದು ಎಂದೂ ಹೋಗದ ನಡುಕಕ್ಕೆ. ನಮ್ಮ ಹುಡುಗನ ಕಾರಿನಲ್ಲಿ ಇಟ್ಟದ್ದು ನೀರಿಗೆ ಬಿದ್ದುಹೋಗುವ ಮಣ್ಣಿಗೆ. ವ್ಯತ್ಯಾಸ ಅಷ್ಟೇ.

ಚಿಕ್ಕಮಗಳೂರಿಗೆ ಬಂದು, ನಾಲ್ಕೂ ಚಕ್ರದ ಒಳಗನ್ನು ಬ್ರಷ್ ಹಾಕಿ ತೊಳೆಸಿ, ಹೊಸದಾಗಿ ಅಂಟಿಸಿದ್ದ ತುಂಡುಗಳನ್ನು ಕೀಳಿಸಿ, ಮೊದಲಿನಿಂದ ಬ್ಯಾಲೆನ್ಸಿಂಗ್ ಮಾಡಿಸಿದೆವು. ಕೆಲವು ನೂರು ರೂಪಾಯಿ ಖರ್ಚು. ಚಕ್ರ ಹಾಕುವಾಗ ನಟ್ಟುಗಳನ್ನು ಸಾಲಾಗಿ ಬಿಗಿಯದೆ ಒಂದು ಬಿಟ್ಟು ಒಂದರಂತೆ ಎದುರುಬದುರಾಗಿ ಬಿಗಿಸಿ, ಮಾರನೆಯ ದಿನ ಇನ್ನೊಮ್ಮೆ ಪರೀಕ್ಷೆ ಮಾಡಿದೆವು. 90ರಲ್ಲಿ ಮೊಬೈಲಿನ ಗೆರೆ ಮಲಗಿಬಿಟ್ಟಿತ್ತು.

ಪಾಡ್ಯದ ಮಾರನೆಯ ದಿನ ಆ ತಾಯಿ ಮಗ ಹೊರನಾಡಿಗೆ ಹೋಗಿಬಂದರು. ಅವಳು ಹೇಳಿದ್ದು ಇಷ್ಟೇ: “ಗಾಡಿ ಚೆನ್ನಾಗಿದೆ ಭಾವ, ಆದರೆ ಇಳಿಯೋಕೆ ಇಬ್ಬರು ಎಳೀಬೇಕು.”

ನಮ್ಮ ಮಲೆನಾಡಿನ ಅಜ್ಜ ಅಜ್ಜಿಯರಿಗೆ ಒಂದು ಮಾತು. ಮಕ್ಕಳ ಕಾರು ಮಳೆಗಾಲದಲ್ಲಿ ತೋಟದಿಂದ ಹೊರಟಾಗ, ಹೊರಗಿನ ಹೊಳಪಿಗಿಂತ ಮೊದಲು ಚಕ್ರದ ಒಳಮೈಗೆ ನೀರು ಹಾಕಿಸಿ. ಬ್ಯಾಲೆನ್ಸಿಂಗ್ ಮಾಡಿಸುವಾಗ ‘ಮೊದಲು ತೊಳೆಯಿರಿ’ ಎಂದು ಹೇಳಿಸಿ.

ಮಕ್ಕಳಿಗೂ ಒಂದು ಮಾತು. ಆ ಕಾರಿನ ತಪ್ಪು ಇದ್ದದ್ದು ‘ಇದು ಮೊನ್ನೆಯೇ ಆಗಿದೆ’ ಎಂದು ರಸೀದಿ ತೋರಿಸಿ ಎಲ್ಲರೂ ಬಿಟ್ಟ ಜಾಗದಲ್ಲಿ. ಪರೀಕ್ಷೆಯಲ್ಲಿ ಲೆಕ್ಕದ ಉತ್ತರ ಬಾರದಿದ್ದಾಗ ಕಷ್ಟವಾದ ಹೆಜ್ಜೆಗಳನ್ನಷ್ಟೇ ಮತ್ತೆ ಮತ್ತೆ ನೋಡಬೇಡಿ. ಸರಿಯಿದೆ ಎಂದು ಟಿಕ್ ಹಾಕಿ ಮುಂದೆ ಬಂದ ಮೊದಲ ಸಾಲನ್ನೂ ಒಮ್ಮೆ ಓದಿ.