ಮೋಟಾರು ಮೀಮಾಂಸೆ

ಎರಡು ಒಳ್ಳೆಯ ವಸ್ತುಗಳನ್ನು ಎದುರಿಗಿಟ್ಟುಕೊಂಡು ಯಾವುದು ಮೇಲು, ಯಾವುದು ಕಡಮೆ ಎಂದು ವಾದಿಸುವುದರಲ್ಲಿ ಮನುಷ್ಯನಿಗೆ ಒಂದು ವಿಚಿತ್ರವಾದ ಸುಖವಿದೆ. ಅವುಗಳಲ್ಲಿ ಒಂದಾದರೂ ತನ್ನದಾಗಿರಬೇಕೆಂಬ ನಿಯಮವೇನೂ ಇಲ್ಲ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಹೋದವರು ಇದನ್ನು ಕಂಡೇ ಇರುತ್ತಾರೆ. ಹಳ್ಳಿಕಾರ್ ತಳಿಯ ಒಂದು ಜೊತೆ ಎತ್ತನ್ನು ಕೊಳ್ಳುವವನು ಒಬ್ಬ. ಅವುಗಳ ಸುಳಿ ನೋಡಿ, ಹಲ್ಲು ಎಣಿಸಿ, ನಾಲ್ಕು ಹೆಜ್ಜೆ ನಡೆಸಿ ತೀರ್ಪು ಹೇಳುವವರು ಹದಿನೈದು ಮಂದಿ. ಆ ಹದಿನೈದು ಮಂದಿಯ ಕೈಯಲ್ಲಿ ಕಾಸಿಲ್ಲದಿರಬಹುದು. ಕಣ್ಣಿಗೆ ಮಾತ್ರ ಬಡತನವಿಲ್ಲ. ಅಂಥ ಹಿರಿಯರ ಮೊಮ್ಮಕ್ಕಳು ಈಗ ಪಟ್ಟಣ ಸೇರಿ ಮೋಟಾರು ಗಾಡಿಗಳ ಸುಳಿ ನೋಡುತ್ತಿದ್ದಾರೆ.

ನಮ್ಮ ಮನೆಯಲ್ಲಿಯೇ ಇಂಥವರು ಇಬ್ಬರುಂಟು. ಇಬ್ಬರೂ ನಮಗೆ ಅಳಿಯಂದಿರೇ. ಒಬ್ಬ ಅಕ್ಕನ ಮಗ, ಇನ್ನೊಬ್ಬರು ಮಗಳ ಗಂಡ. ಕನ್ನಡ ನುಡಿಯು ಇಬ್ಬರಿಗೂ ಒಂದೇ ಹೆಸರನ್ನು ಕೊಟ್ಟು ಸುಮ್ಮನಾಗಿದೆ. ಆದರೆ ಮತ ಮಾತ್ರ ಇಬ್ಬರದೂ ಬೇರೆ. ಮಗಳ ಗಂಡ ಬಿ.ಎಂ.ಡಬ್ಲ್ಯು. ಕಾರ್ಖಾನೆಯ ಎಂ 5 ಎಂಬ ಗಾಡಿಯ ಭಕ್ತರು. ಅಕ್ಕನ ಮಗ ಮರ್ಸಿಡಿಸ್ ಮನೆತನದ ಎ.ಎಂ.ಜಿ. ಗಾಡಿಗಳ ಉಪಾಸಕ. ಇಬ್ಬರಿಗೂ ಸ್ವಂತಕ್ಕಿರುವುದು ಕಂತು ತೀರದ ಒಂದೊಂದು ಸಣ್ಣ ಗಾಡಿ. ಭಾನುವಾರ ಊಟ ಮುಗಿದು ಎಲೆಯಡಿಕೆಯ ತಟ್ಟೆ ಹಜಾರಕ್ಕೆ ಬಂದಿತೆಂದರೆ ಮೀಮಾಂಸೆ ಆರಂಭ.

“ಭಾವ, ನಿಮ್ಮ ಗಾಡಿ ಕೂಗುವುದು ಹೆಚ್ಚು, ಎಳೆಯುವುದು ಕಡಮೆ” ಎಂದು ಇವನು ಕೆಣಕುತ್ತಾನೆ.

“ಅದು ಕೂಗಲ್ಲವಯ್ಯ, ಆಲಾಪನೆ. ಕೇಳುವ ಕಿವಿ ಬೇಕು. ನಿನ್ನದು ಬರಿಯ ಗುಡುಗು” ಎಂದು ಅವರು ಅಡಕೆ ಕತ್ತರಿಸುತ್ತಲೇ ಉತ್ತರ ಕೊಡುತ್ತಾರೆ.

ಇವರ ಜಗಳದ ಮುಖ್ಯ ಗ್ರಂಥ ಇಪ್ಪತ್ತು ವರ್ಷಕ್ಕೆ ಹಿಂದಿನದು. 2005ರ ಎಂ 5 ಗಾಡಿಯಲ್ಲಿ ಹತ್ತು ಸಿಲಿಂಡರುಗಳ 5 ಲೀಟರಿನ ಇಂಜಿನು. ನಿಮಿಷಕ್ಕೆ 7,750 ಸುತ್ತು ತಿರುಗಿದಾಗ 507 ಅಶ್ವಶಕ್ತಿ. ಮರುವರ್ಷ ಬಂದ ಇ 63 ಎ.ಎಂ.ಜಿ.ಯಲ್ಲಿ ಎಂಟೇ ಸಿಲಿಂಡರು, ಆದರೆ ಗಾತ್ರ 6.2 ಲೀಟರು, 6,800 ಸುತ್ತಿಗೇ 514 ಅಶ್ವಶಕ್ತಿ. ಅಂಕಿಯಲ್ಲಿ ಏಳರ ಅಂತರ, ಎಂದರೆ ಅಂತರವೇ ಇಲ್ಲ. ಆದರೆ ಗಾಲಿಯನ್ನು ತಿರುಗಿಸುವ ಬಲವೆಂಬುದೊಂದುಂಟು. ಅದನ್ನು ಟಾರ್ಕು ಎನ್ನುತ್ತಾರೆ. ಅದು ಮೊದಲನೆಯದರಲ್ಲಿ 520 ನ್ಯೂಟನ್-ಮೀಟರು, ಎರಡನೆಯದರಲ್ಲಿ 630. ಅದೂ ಕಡಮೆ ಸುತ್ತಿನಲ್ಲಿಯೇ ಒದಗುತ್ತದೆ. ಆದ್ದರಿಂದ ಇ 63 ಕಾಲಿಟ್ಟೊಡನೆ ನೂಕುತ್ತದೆ. ಎಂ 5 ತನ್ನ ಇಂಜಿನನ್ನು ಮೇಲುಸ್ಥಾಯಿಗೆ ಏರಿಸುವವನಿಗೆ ಮಾತ್ರ ಒಲಿಯುತ್ತದೆ. ಇನ್ನು ಎಂ 5 ಗಾಡಿಯ ಏಳು ಗೇರಿನ ಯಂತ್ರ ಪೇಟೆಯ ಸಂದಣಿಯಲ್ಲಿ ಕುಕ್ಕುತ್ತದೆ, ಅದರ 70 ಲೀಟರಿನ ತೊಟ್ಟಿ ಬೇಗ ಬರಿದಾಗುತ್ತದೆ ಎಂದು ಅಕ್ಕನ ಮಗನ ಆಕ್ಷೇಪಣೆ. ಅದನ್ನು ಅದರ ಭಕ್ತರೂ ಅಲ್ಲಗಳೆಯುವುದಿಲ್ಲ. ಪ್ರೀತಿಸಿದ ವಸ್ತುವಿನ ದೋಷವನ್ನು ಅವರಷ್ಟು ಚೆನ್ನಾಗಿ ಬಲ್ಲವರು ಬೇರೆ ಇಲ್ಲ.

ಅಶ್ವಶಕ್ತಿಯ ಲೆಕ್ಕದಲ್ಲಿಯೂ ಒಂದು ತೊಡಕಿದೆ. ಜರ್ಮನರ ಲೆಕ್ಕದಲ್ಲಿ 75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಎತ್ತರಕ್ಕೆ ಎತ್ತುವ ಶಕ್ತಿ ಒಂದು ಕುದುರೆಯದು. ಇಂಗ್ಲಿಷರ ಕುದುರೆ ಇದಕ್ಕಿಂತ ಸ್ವಲ್ಪ ಬಲಶಾಲಿ. ಆದ್ದರಿಂದ ಜರ್ಮನಿಯಲ್ಲಿ 507 ಕುದುರೆ ಹೂಡಿದ ಗಾಡಿ ಇಂಗ್ಲೆಂಡಿಗೆ ಹೋದರೆ 500 ಕುದುರೆಯದಾಗುತ್ತದೆ. ದಾರಿಯಲ್ಲಿ ಏಳು ಕುದುರೆಗಳು ಎಲ್ಲಿ ತಪ್ಪಿಸಿಕೊಂಡವೆಂದು ಹೊಸಬರು ತಬ್ಬಿಬ್ಬಾಗುವುದುಂಟು.

ಈ ಪೈಪೋಟಿಗೆ ಒಂದು ವಂಶಾವಳಿಯೂ ಇದೆ. ಮರ್ಸಿಡಿಸ್ ಕಾರ್ಖಾನೆಯಲ್ಲಿ ಎರಿಕ್ ವಾಕ್ಸನ್‌ಬರ್ಗರ್ ಎಂಬ ಇಂಜಿನಿಯರು, ದೇಶಾಧ್ಯಕ್ಷರೂ ಧನಿಕರೂ ಏರುತ್ತಿದ್ದ ‘600’ ಎಂಬ ಭಾರಿ ಗಾಡಿಯ ಇಂಜಿನನ್ನು ಅದಕ್ಕಿಂತ ಚಿಕ್ಕ ಗಾಡಿಯೊಳಗೆ ಕೂಡಿಸಿ ನೋಡಿದ. 1968ರಲ್ಲಿ ಅದು 300 ಎಸ್.ಇ.ಎಲ್. 6.3 ಎಂಬ ಹೆಸರಿನಿಂದ ಹೊರಬಂದಿತು. ನೋಡುವುದಕ್ಕೆ ಬ್ಯಾಂಕಿನ ಯಜಮಾನರ ಸಭ್ಯವಾದ ವಾಹನ. ಒಳಗೆ 250 ಅಶ್ವಶಕ್ತಿ. ಇದಕ್ಕೆ ಒಂದು ವರ್ಷ ಮೊದಲು, 1967ರಲ್ಲಿ, ಆಫ್ರೆಕ್ಟ್ ಮತ್ತು ಮೆಲ್ಚರ್ ಎಂಬ ಇಬ್ಬರು ಗೆಳೆಯರು ಒಂದು ಸಣ್ಣ ಕಮ್ಮಟವನ್ನು ತೆರೆದಿದ್ದರು. ತಮ್ಮಿಬ್ಬರ ಹೆಸರಿನ ಮೊದಲಕ್ಷರಗಳಿಗೆ ಆಫ್ರೆಕ್ಟ್ ಹುಟ್ಟಿದ ಗ್ರೋಸಾಸ್‌ಪಾಖ್ ಎಂಬ ಊರಿನ ಮೊದಲಕ್ಷರವನ್ನು ಸೇರಿಸಿ ಎ.ಎಂ.ಜಿ. ಎಂದು ಹೆಸರಿಟ್ಟರು. ಹುಟ್ಟಿದೂರನ್ನು ಹೆಸರಿನಲ್ಲಿ ಹೊತ್ತು ತಿರುಗುವುದು ನಮ್ಮವರಿಗೆ ಹೊಸತೇನೂ ಅಲ್ಲ. ಅವರು ಅದೇ ಸಭ್ಯ ಗಾಡಿಯ ಇಂಜಿನನ್ನು ಇನ್ನಷ್ಟು ಹಿಗ್ಗಿಸಿ, ಕೆಂಪು ಬಣ್ಣ ಬಳಿದು, 1971ರಲ್ಲಿ ಬೆಲ್ಜಿಯಮ್ಮಿನ ಸ್ಪಾ ಎಂಬಲ್ಲಿ ನಡೆದ ಇಪ್ಪತ್ತನಾಲ್ಕು ಗಂಟೆಯ ಪಂದ್ಯಕ್ಕೆ ಬಿಟ್ಟರು. ಹಗುರವಾದ ಪಂದ್ಯದ ಗಾಡಿಗಳ ನಡುವೆ ಆ ಸ್ಥೂಲಕಾಯ ಎರಡನೆಯದಾಗಿ ಬಂದಿತು.

ಬಿ.ಎಂ.ಡಬ್ಲ್ಯು. ಕಾರ್ಖಾನೆಯವರು ಪಂದ್ಯದ ಕೆಲಸಕ್ಕೆಂದು 1972ರಲ್ಲಿ ಬೇರೊಂದು ಶಾಖೆಯನ್ನು ತೆರೆದರು. 1985ರಲ್ಲಿ ಆ ಶಾಖೆಯಿಂದ ಮೊದಲ ಎಂ 5 ಬಂದಿತು. ಕೈಯಿಂದಲೇ ಜೋಡಿಸಿದ ಆ ಗಾಡಿಗಳು ಸುಮಾರು 2,200 ಮಾತ್ರ. ಮಕ್ಕಳನ್ನು ಶಾಲೆಗೆ ಬಿಡುವ ನಾಲ್ಕು ಬಾಗಿಲ ಗಾಡಿಗೂ ಅದಕ್ಕೂ ಹೊರಗಣ್ಣಿಗೆ ಹೆಚ್ಚಿನ ಭೇದವಿಲ್ಲ. ಇಂಜಿನು ಮಾತ್ರ ಪಂದ್ಯದ ವಂಶದ್ದು, 286 ಅಶ್ವಶಕ್ತಿಯದು. ಬಲವನ್ನು ಮುಚ್ಚಿಟ್ಟುಕೊಳ್ಳುವ ಈ ಗಾಂಭೀರ್ಯವೇ ಈ ಜಾತಿಯ ಗಾಡಿಗಳ ಆಕರ್ಷಣೆಯೆಂದು ತೋರುತ್ತದೆ.

ಇ 63 ಎಂಬ ಹೆಸರಿನ ಸ್ವಾರಸ್ಯವೂ ಇಲ್ಲಿಯೇ ಇದೆ. 2006ರ ಆ ಇಂಜಿನಿನ ಗಾತ್ರ 6,208 ಘನ ಸೆಂಟಿಮೀಟರು. ನ್ಯಾಯವಾಗಿ ಅದು 62 ಆಗಬೇಕು. 1968ರ ಹಿರಿಯನ ನೆನಪಿಗಾಗಿ 63 ಎಂದು ಕರೆದರು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮಗೆ ಇದು ಸುಳ್ಳೆನಿಸದು. ಆಫಾಲ್ಟರ್‌ಬಾಖ್ ಎಂಬ ಊರಿನ ಕಾರ್ಖಾನೆಯಲ್ಲಿ ಅಂಥ ಒಂದೊಂದು ಇಂಜಿನನ್ನೂ ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಕೆಲಸಗಾರ ಜೋಡಿಸಿ, ತನ್ನ ರುಜುವಿನ ಫಲಕವನ್ನು ಅದರ ಮೇಲೆ ಹಚ್ಚುತ್ತಾನೆ. ತಾವು ಮಾಡಿದ ವಿಗ್ರಹದ ಕೆಳಗೆ ಹೆಸರು ಕೆತ್ತಿದ ಹಳೇಬೀಡಿನ ಶಿಲ್ಪಿಗಳು ನಮಗೆ ಆಗ ನೆನಪಾಗುತ್ತಾರೆ.

ಇಷ್ಟೆಲ್ಲ ಬಲದಿಂದ ಪ್ರಯೋಜನವೇನೆಂದು ವಾಚಕರು ಕೇಳಬಹುದು. ಜರ್ಮನಿಯ ಹೆದ್ದಾರಿಗಳಲ್ಲಿ ಬಹುಭಾಗಕ್ಕೆ ಕಡ್ಡಾಯವಾದ ವೇಗಮಿತಿಯಿಲ್ಲ. 130 ಕಿಲೋಮೀಟರೆಂಬುದು ಸಲಹೆ ಮಾತ್ರ. ಅಲ್ಲಿಯ ಕಾರ್ಖಾನೆಗಳವರು ತಾವಾಗಿಯೇ ಬಹುಪಾಲು ಗಾಡಿಗಳಿಗೆ 250 ಕಿಲೋಮೀಟರಿನ ಕಡಿವಾಣ ಹಾಕಿದರು. ಐಫೆಲ್ ಬೆಟ್ಟಗಳ ನಡುವೆ 1927ರಲ್ಲಿ ತೆರೆದ ನ್ಯೂರ್ಬರ್ಗ್‌ರಿಂಗ್ ಎಂಬ ಪಂದ್ಯದ ದಾರಿ ಇದೆ. ಅದರ ಉತ್ತರದ ಸುತ್ತು 20 ಕಿಲೋಮೀಟರಿಗೂ ಹೆಚ್ಚು. ಅದನ್ನು ಎಷ್ಟು ನಿಮಿಷದಲ್ಲಿ ಸುತ್ತಿತೆಂಬುದೇ ಈಗ ಗಾಡಿಗಳ ದೊಡ್ಡ ಪರೀಕ್ಷೆ. 1976ರ ಆಗಸ್ಟ್ 1ರಂದು ನಿಕಿ ಲೌಡನಂಥ ಜಗಜ್ಜಟ್ಟಿಯೇ ಅಲ್ಲಿ ಬೆಂಕಿಯಲ್ಲಿ ಬೆಂದು ಸಾವಿನ ಬಾಯಿಂದ ಹಿಂದಿರುಗಿದ. ಗಂಟೆಗೆ 100 ಕಿಲೋಮೀಟರು ಓಡುವ ಗಾಡಿಯನ್ನು ನಿಲ್ಲಿಸಲು ಬೇಕಾದುದಕ್ಕಿಂತ ಆರು ಪಟ್ಟಿಗೂ ಮಿಕ್ಕ ಶಕ್ತಿಯನ್ನು 250ರಲ್ಲಿ ಓಡುವ ಅದೇ ಗಾಡಿಯ ಬ್ರೇಕು ಹೀರಬೇಕು. ನಮ್ಮ ಹೆದ್ದಾರಿಗಳ ವೇಗಮಿತಿ ಆ 250ರ ಅರ್ಧಕ್ಕೂ ಬಾರದು. ಎಮ್ಮೆ, ಎತ್ತಿನ ಗಾಡಿ, ದಾರಿ ದಾಟುವ ಮುದುಕಿ, ಇವರೆಲ್ಲರಿಗೂ ಹಕ್ಕಿರುವ ರಸ್ತೆಯಲ್ಲಿ ಅದು ಬಾರದಿರುವುದೇ ಕ್ಷೇಮ. ಈ ವಿಷಯದಲ್ಲಿ ಮಾತ್ರ ನಮ್ಮ ಅಳಿಯಂದಿರಿಬ್ಬರದೂ ಒಂದೇ ಮಾತು.

ಕಾಲ ಸರಿದಂತೆ ಅಂಕಿಗಳು ಏರುತ್ತಲೇ ಬಂದಿವೆ. 1985ರ ಎಂ 5 ಸುಮಾರು 1,430 ಕಿಲೋ ತೂಗುತ್ತಿತ್ತು. 2024ರಲ್ಲಿ ಬಂದ ಎಂ 5 ಪೆಟ್ರೋಲಿನ ಜೊತೆಗೆ ವಿದ್ಯುತ್ತನ್ನೂ ಉಣ್ಣುತ್ತದೆ. ಅದರದು 727 ಅಶ್ವಶಕ್ತಿ, ತೂಕ 2,400 ಕಿಲೋ ಮೀರಿದೆ. ಬಲ ಎರಡೂವರೆ ಪಟ್ಟು ಬೆಳೆದಿದೆ. ಆದರೆ ಒಂದು ಟನ್ನು ತೂಕಕ್ಕೆ ಲೆಕ್ಕ ಹಾಕಿದರೆ 200 ಇದ್ದುದು 300 ಆಗಿದೆ, ಅಷ್ಟೆ. ಗಳಿಸಿದ ಬಲದಲ್ಲಿ ದೊಡ್ಡ ಪಾಲು ತನ್ನ ಮೈಯನ್ನು ತಾನೇ ಹೊರುವುದಕ್ಕೆ ವೆಚ್ಚವಾಗುತ್ತಿದೆ. ಸಂಬಳ ಏರಿದಂತೆ ಸಂಸಾರದ ಖರ್ಚೂ ಏರಿಸಿಕೊಂಡ ಗೃಹಸ್ಥರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇದಕ್ಕಿಂತ ದೊಡ್ಡ ಪಾಠ 2022ರಲ್ಲಿ ದೊರೆಯಿತು. ಎ.ಎಂ.ಜಿ.ಯವರ ಸಿ 63 ಎಂಬ ಕಿರಿಯ ಗಾಡಿಯಲ್ಲಿ ಅದುವರೆಗೆ ಎಂಟು ಸಿಲಿಂಡರುಗಳ ಇಂಜಿನಿತ್ತು; ಹೆಚ್ಚೆಂದರೆ 517 ಅಶ್ವಶಕ್ತಿ. ಹೊಸ ಸಿ 63 ಗಾಡಿಗೆ ನಾಲ್ಕೇ ಸಿಲಿಂಡರಿನ 2 ಲೀಟರು ಇಂಜಿನನ್ನೂ ಒಂದು ವಿದ್ಯುತ್ ಮೋಟಾರನ್ನೂ ಹೂಡಿ 680 ಅಶ್ವಶಕ್ತಿಯನ್ನು ಪಡೆದರು. ಅಂಕಿಯ ಪ್ರಕಾರ ಭಕ್ತರು ಹಿಗ್ಗಬೇಕಾಗಿತ್ತು. ಆದರೆ ಅವರಲ್ಲಿ ಬಹುಮಂದಿ ಮುಖ ತಿರುಗಿಸಿದರು. ಅಕ್ಕನ ಮಗ ಆ ಸುದ್ದಿ ಓದಿದ ದಿನ ಮನೆಯಲ್ಲಿ ಯಾರಿಗೋ ಕಾಯಿಲೆಯೆಂಬಂತೆ ಕುಳಿತಿದ್ದ. ಎಂದಿಗೂ ಅವನ ಪಕ್ಷ ವಹಿಸದ ಭಾವ ಅಂದು, “ಹೋಗಲಿ ಬಿಡಯ್ಯ, ಹಳೆಯದು ಇನ್ನೂ ರಸ್ತೆಯ ಮೇಲಿದೆಯಲ್ಲ” ಎಂದು ಸಮಾಧಾನ ಹೇಳಿದರು. ಇಷ್ಟು ವರ್ಷ ಅವರು ಅಂಕಿಗಳಿಗಾಗಿ ಜಗಳವಾಡುತ್ತಿದ್ದಾರೆಂದು ತಿಳಿದವರಿಗೆ ಅಂದು ನಿಜ ಗೊತ್ತಾಗಬೇಕು. ಅವರ ಪಾಲಿಗೆ ಅಂಕಿ ಒಂದು ಪೀಠಿಕೆ ಮಾತ್ರ. ಅವರು ಹೋಲಿಸುತ್ತಿದ್ದುದು ಸ್ವರವನ್ನು, ತಾಳ್ಮೆಯನ್ನು, ಗುಣವನ್ನು, ಮಾಡಿದವನ ಕೈಯನ್ನು.

ಈಚೆಗೆ ಮನೆಯಲ್ಲಿ ನಡೆದ ಒಂದು ಮಾತನ್ನು ಇಲ್ಲಿ ಹೇಳಬೇಕು. ಮಗಳಿಗೆ ಇಬ್ಬರು ಗಂಡುಮಕ್ಕಳು. ಶಾಲೆಯಿಂದ ಅಂಕಪಟ್ಟಿಗಳು ಬಂದಿದ್ದವು. ಹಿರಿಯವನಿಗೆ ಗಣಿತದಲ್ಲಿ ತೊಂಬತ್ತೆರಡು, ಕಿರಿಯವನಿಗೆ ಐವತ್ತೆಂಟು. ಅಳಿಯಂದಿರು ಎರಡನ್ನೂ ಒಮ್ಮೆ ನೋಡಿ, ಕಿರಿಯವನನ್ನು ಕರೆದು, “ಅಣ್ಣನನ್ನು ನೋಡಿ ಕಲಿ” ಎಂದು ಎರಡು ಮಾತಿನಲ್ಲಿ ತೀರ್ಪು ಹೇಳಿ ಪಟ್ಟಿಗಳನ್ನು ಮಡಿಸಿಟ್ಟರು. ಹುಡುಗ ತಲೆ ತಗ್ಗಿಸಿಕೊಂಡು ಹಿತ್ತಲಿಗೆ ಹೋದ. ಆ ಹುಡುಗನ ಕೈ ಎಂಥದೆಂದರೆ, ಕೆಟ್ಟುಹೋದ ಗೋಡೆ ಗಡಿಯಾರವನ್ನು ಬಿಚ್ಚಿ, ಒಂದು ಮೊಳೆಯೂ ಮಿಗದಂತೆ ಜೋಡಿಸಿ ನಡೆಸಿದವನು ಅವನೇ. ನಮ್ಮ ಮನೆಯಾಕೆ ಅಳಿಯಂದಿರಿಗೆ ಎದುರಾಡುವವಳಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಅವರಿಗೆ ಕೇಳಿಸುವಂತೆ ನಮ್ಮೊಡನೆ, “ಅಂತೂ ಆ ಜರ್ಮನಿಯ ಗಾಡಿ ಮಾಡಿದ ಪುಣ್ಯ ನಮ್ಮ ಹುಡುಗ ಮಾಡಲಿಲ್ಲ ನೋಡಿ” ಎಂದಳು.

ಹಜಾರದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಅಳಿಯಂದಿರು ಎದ್ದು ಹಿತ್ತಲಿಗೆ ಹೋದರು. ಅಲ್ಲಿ ತಂದೆ ಮಗ ಏನು ಮಾತನಾಡಿಕೊಂಡರೋ, ಅದು ಅವರಿಗೆ ಸೇರಿದ್ದು. ಹಿಂದಿರುಗಿ ಬರುವಾಗ ಹುಡುಗನ ಕೈಯಲ್ಲಿ ಅವರ ಗಾಡಿಯ ಬೀಗದಕೈ ಇತ್ತು. ಇಂಜಿನಿನ ಮುಚ್ಚಳವನ್ನು ಎತ್ತಿ ಇಬ್ಬರೂ ಸಂಜೆಯವರೆಗೆ ಅದರೊಳಗೆ ತಲೆಯಿಟ್ಟುಕೊಂಡಿದ್ದರು.

ಹೋಲಿಸುವುದು ಕೆಟ್ಟ ಚಾಳಿಯೆಂದು ನೀತಿ ಹೇಳುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಅಸೂಯೆಯಿಂದ ಹೋಲಿಸುವವನು ಒಂದೇ ಅಂಕಿಯನ್ನು ಹಿಡಿದು ಕುಳಿತುಬಿಡುತ್ತಾನೆ. ಅವನಿಗೆ ಬೇಗ ಗೆದ್ದರೆ ಸಾಕು. ಪ್ರೀತಿಯಿಂದ ಹೋಲಿಸುವವನಿಗೆ ಮುಗಿಸುವ ಅವಸರವೇ ಇಲ್ಲ. ಸುತ್ತು ಎಷ್ಟು, ತೂಕ ಎಷ್ಟು, ತಿರುವಿನಲ್ಲಿ ಹೇಗೆ, ದಣಿದಾಗ ಹೇಗೆ, ಕಟ್ಟಿದವನು ಯಾರು, ವಂಶ ಯಾವುದು ಎಂದು ಅವನು ಕೇಳುತ್ತಲೇ ಇರುತ್ತಾನೆ. ಕೊನೆಗೆ ಎರಡೂ ಒಳ್ಳೆಯವೆಂದು ತಿಳಿದ ಮೇಲೆಯೂ ಮಾತನ್ನು ಬಿಡುವುದಿಲ್ಲ. ದುಬಾರಿ ಗಾಡಿಗಳನ್ನು ಕೊಳ್ಳುವ ಯೋಗ ನಮ್ಮಲ್ಲಿ ಕೆಲವರಿಗೆ ಮಾತ್ರ ಬಂದೀತು. ಅವುಗಳನ್ನು ನೋಡುವ ಆ ಕಣ್ಣನ್ನು ಸಂಪಾದಿಸುವುದಕ್ಕೆ ಕಂತು ಕಟ್ಟಬೇಕಾಗಿಲ್ಲ. ಸಂಪಾದಿಸಿದ ಮೇಲೆ ಅದನ್ನು ಮನೆಯೊಳಕ್ಕೂ ತಿರುಗಿಸಬಹುದು.