ನಮ್ ಸೀಮೆಯ ಗಿಡ

ಮೂರು ವರ್ಷದ ಹಿಂದೆ ಆಫೀಸಿನ ಗೆಳೆಯರ ಜೊತೆ ಸಿರ್ಸಿ ಕಡೆ ಹೋದಾಗ ನರ್ಸರಿಯೊಂದರಲ್ಲಿ ಹತ್ತು ಮುರುಗಲು ಸಸಿ ಕೊಂಡೆ. ಬೋರ್ಡಿನಲ್ಲಿ 'ದೇಸಿ ಸಸ್ಯಗಳು' ಅಂತಿತ್ತು. ಬೆಂಗಳೂರಿನ ರಸ್ತೆಗಳಲ್ಲಿ ನಾವು ಫೋಟೋ ತೆಗೆಯೋ ಜಕರಂಡ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರಿನದು ಅಂತ ಆಗಷ್ಟೇ ಓದಿಕೊಂಡಿದ್ದೆ. ಊರಲ್ಲಾದ್ರೂ ನಮ್ಮ ಗಿಡ ಇರಲಿ ಅನ್ನೋ ಹುಮ್ಮಸ್ಸು.

ನಮ್ಮೂರು ಚಳ್ಳಕೆರೆ ತಾಲ್ಲೂಕು. ಸಸಿ ನೋಡಿದ ಅಪ್ಪ, "ಇವು ನಮ್ ಸೀಮೇವಲ್ಲ ಕಣಪ್ಪ" ಅಂದ್ರು. "ಕರ್ನಾಟಕದ್ದೇ ಅಪ್ಪ" ಅಂದೆ. ಹೊಲದ ಬದುವಿನಲ್ಲಿ ನೆಟ್ಟು ಭಾನುವಾರ ರಾತ್ರಿ ಬಸ್ಸು ಹತ್ತಿದೆ.

ಫೋನಿನಲ್ಲಿ ಕೇಳಿದಾಗಲೆಲ್ಲ "ಚೆನ್ನಾಗವೆ" ಅನ್ನೋರು. ಏಪ್ರಿಲ್‌ನಲ್ಲಿ ಅಮ್ಮ ಬಾಯಿಬಿಟ್ಟಳು. ಬೋರು ಬತ್ತಿದೆ, ಅಪ್ಪ ದಿನಾ ಸೈಕಲ್ಲಿಗೆ ಎರಡು ಕೊಡ ಕಟ್ಕೊಂಡು ಊರ ಟ್ಯಾಂಕಿಂದ ಆ ಗಿಡಗಳಿಗೆ ನೀರು ಸಾಗಿಸ್ತಿದ್ದಾರೆ. ಅದೂ ಆ ಮಂಡಿನೋವಲ್ಲಿ. "ಮಗ ನೆಟ್ಟಿದ್ದು, ಒಣಗಿದ್ರೆ ಬೇಜಾರು ಮಾಡ್ಕೊತಾನೆ" ಅಂತಾರಂತೆ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಬೀಳುತ್ತೆ. ನಮ್ಮಲ್ಲಿ 500 ಬಂದ್ರೆ ಹಬ್ಬ. ಎರಡೂ ಕರ್ನಾಟಕವೇ. ಮುರುಗಲು ಘಟ್ಟದ ಮರ, ವರ್ಷವಿಡೀ ಹಸಿರಾಗಿರೋದು. ಅದು ಕೇಳೋದು ಮಳೆಯನ್ನ, ರಾಜ್ಯವನ್ನಲ್ಲ. ಈ ಲೆಕ್ಕ ಸಸಿ ಕೊಳ್ಳೋ ಮೊದಲೇ ಹಾಕಬಹುದಿತ್ತು. ಅಪ್ಪ ಒಂದೇ ಮಾತಲ್ಲಿ ಹೇಳಿದ್ದೂ ಅದನ್ನೇ.

ಆ ಶನಿವಾರವೇ ಊರಿಗೆ ಹೋದೆ. "ಸಾಕಪ್ಪ, ಬಿಟ್ಬಿಡಿ" ಅಂದೆ. ಅವರು ಏನೂ ಹೇಳದೆ ಕೈಲಿದ್ದ ಕೊಡವನ್ನ ಬುಡಕ್ಕೆ ಸುರಿದು ಮುಗಿಸಿದ್ರು.

ಮುಂಗಾರಿಗೆ ಅದೇ ಬದುವಿನಲ್ಲಿ ಇಬ್ಬರೂ ಸೇರಿ ಹೊಂಗೆ, ಬೇವು, ಕಮರ ಹಾಕಿದೆವು. ಹೊಂಗೆ ಆಳಕ್ಕೆ ಬೇರು ಬಿಡುತ್ತೆ. ಎಲೆ ಉದುರಿಸಿ ಯುಗಾದಿ ಹೊತ್ತಿಗೆ ಮತ್ತೆ ಚಿಗುರುತ್ತೆ, ಉದುರಿದ್ದು ಹೊಲಕ್ಕೆ ಗೊಬ್ಬರ. ಕಮರದ ಸೊಪ್ಪು ದನಕ್ಕೆ ಮೇವು. ಮೊದಲ ಬೇಸಿಗೆಯಲ್ಲಿ ಅಷ್ಟಿಷ್ಟು ನೀರು ಕೊಟ್ಟಿದ್ದೇ, ಆಮೇಲೆ ಅಪ್ಪ ಕೊಡ ಹೊತ್ತಿಲ್ಲ.

ಮುರುಗಲಲ್ಲಿ ಒಂಬತ್ತು ಹೋದವು. ಒಂದನ್ನ ಮಾತ್ರ ಅಪ್ಪ ಬೇರಿನ ಮಣ್ಣು ಸಮೇತ ತಂದು ಮನೆ ಹಿಂದೆ, ಬಚ್ಚಲ ನೀರು ಹರಿಯೋ ಕಡೆ ಮಾವಿನ ನೆರಳಲ್ಲಿ ನೆಟ್ಟಿದ್ದಾರೆ. ಇನ್ನೂ ಮೊಣಕಾಲೆತ್ತರ. ಊರಿಗೆ ಹೋದಾಗಲೆಲ್ಲ ಮೊದಲು ತೋರಿಸೋದು ಅದನ್ನೇ.