ಟ್ರಂಕಿನಲ್ಲೇ ಉಳಿದ ಕೋಟು

ಇಂಗ್ಲೆಂಡಿನ ಗುಡ್‌ವುಡ್ ರಿವೈವಲ್ ಎಂಬ ಹಳೆಯ ಕಾರುಗಳ ರೇಸಿಗೆ ಮೊದಲ ಸಲ ಹೊರಟವರು ಟಿಕೆಟ್ಟಿನ ಜೊತೆಗೇ ಒಂದು ಕೋಟು, ಒಂದು ಟೈ ಹೊಂದಿಸಿಕೊಳ್ಳಬೇಕು. ಮೈದಾನದಲ್ಲಿ ಓಡಾಡಲು, ಗ್ರ್ಯಾಂಡ್‌ಸ್ಟ್ಯಾಂಡಿನಲ್ಲಿ ಕೂತು ರೇಸ್ ನೋಡಲು ಇಂಥದ್ದೇ ಬಟ್ಟೆ ಬೇಕೆಂಬ ಕಡ್ಡಾಯವಿಲ್ಲ. ಆದರೆ ರೇಸಿಗೆ ಬಂದ ಹಳೆಯ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಬಾನೆಟ್ ಎತ್ತಿ ರಿಪೇರಿ ಮಾಡುವ ಪ್ಯಾಡಕ್ ಎಂಬ ಅಂಗಳವಿದೆಯಲ್ಲ, ಅದರೊಳಕ್ಕೆ ಗಂಡಸರು ಕೋಟು-ಟೈ ಇಲ್ಲದೆ ಹೋಗುವಂತಿಲ್ಲ. ಇದೇನು ಗುಟ್ಟಿನ ನಿಯಮವಲ್ಲ, ಮೊದಲೇ ತಿಳಿಸಿರುತ್ತಾರೆ. ನಾನು ಓದಿರಲಿಲ್ಲ. ಅದರ ಬೆಲೆ ತೆತ್ತವರು ನಮ್ಮಪ್ಪ.

ಅಪ್ಪನದು ಬೆಂಗಳೂರಿನ ಜೆ.ಸಿ. ರೋಡಿನ ಹಿಂದಿನ ಗಲ್ಲಿಯೊಂದರಲ್ಲಿ ಚಿಕ್ಕ ಗ್ಯಾರೇಜು. ರಸ್ತೆಯಲ್ಲಿ ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್ ಬಿಟ್ಟರೆ ಬೇರೆ ಕಾರು ಕಾಣುವುದೇ ಅಪರೂಪವಾಗಿದ್ದ ಕಾಲದಲ್ಲಿ ಕೆಲಸ ಕಲಿತವರು. ಹೆರಾಲ್ಡ್ ಎಂದರೆ ಅವರಿಗೆ ಇಂದಿಗೂ ಪ್ರೀತಿ. ಬ್ರಿಟನ್ನಿನ ಟ್ರಯಂಫ್ ಹೆರಾಲ್ಡನ್ನೇ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಕಂಪನಿಯವರು ತಯಾರಿಸುತ್ತಿದ್ದರು. ಅದರ ಬಾನೆಟ್ಟು ಮಡ್‌ಗಾರ್ಡ್ ಸಮೇತ ಮುಂದಕ್ಕೆ ಬಾಗಿ ಇಡೀ ಎಂಜಿನ್ನು ಬಯಲಾಗುತ್ತಿತ್ತು. ಮೆಕ್ಯಾನಿಕ್ ಮುಂದಿನ ಟೈರಿನ ಮೇಲೆ ಕೂತುಕೊಂಡೇ ಕೆಲಸ ಮಾಡಬಹುದಿತ್ತು. ಅಂಬಾಸಿಡರ್‌ನಲ್ಲಿ ಇದ್ದದ್ದು ಬಿ.ಎಂ.ಸಿ. ಕಂಪನಿಯ 1489 ಸಿ.ಸಿ. ಎಂಜಿನ್. 1955ರಲ್ಲಿ ಬ್ರಿಟನ್ನಿನಲ್ಲಿ ಬಂದ ಎಂ.ಜಿ.ಎ. ಎಂಬ ಸ್ಪೋರ್ಟ್ಸ್ ಕಾರಿನಲ್ಲೂ ಅದೇ ವಂಶದ, ಅದೇ ಅಳತೆಯ ಎಂಜಿನ್. ನಮ್ಮ ಅಂಬಾಸಿಡರ್‌ಗೆ ಒಂದು ಎಸ್.ಯು. ಕಾರ್ಬುರೇಟರ್, ಎಂ.ಜಿ.ಗೆ ಎರಡು. ಆ ಎರಡೂ ಒಂದೇ ಸಮ ಗಾಳಿ ಎಳೆಯುವಂತೆ ಹೊಂದಿಸುವುದೇ ಒಂದು ವಿದ್ಯೆ. ರಬ್ಬರ್ ಪೈಪಿನ ಒಂದು ತುದಿಯನ್ನು ಕಾರ್ಬುರೇಟರಿನ ಬಾಯಿಗೆ, ಇನ್ನೊಂದನ್ನು ಕಿವಿಗೆ ಹಿಡಿದು, ಒಂದರ ಸುಯ್‌ಗುಡುವಿಕೆಗೂ ಇನ್ನೊಂದರದಕ್ಕೂ ವ್ಯತ್ಯಾಸ ಕೇಳಿಸದಷ್ಟು ಸ್ಕ್ರೂ ತಿರುಗಿಸುತ್ತಾ ಹೋಗಬೇಕು. ಅಪ್ಪ ಇದನ್ನೆಲ್ಲ ಓದಿ ತಿಳಿದಿದ್ದರು, ಕಣ್ಣಾರೆ ಕಂಡಿರಲಿಲ್ಲ.

ನಾನು ಇಂಗ್ಲೆಂಡಿನಲ್ಲಿ ನೆಲೆಸಿದ ಮೇಲೆ, ಅವರು ಬೇಸಿಗೆಗೆ ಇಲ್ಲಿಗೆ ಬಂದು ಸೆಪ್ಟೆಂಬರ್‌ವರೆಗೆ ಇರುವುದೆಂದು ಗೊತ್ತಾದಾಗ, ಫೋನಿನಲ್ಲಿ ರಿವೈವಲ್ ಸುದ್ದಿ ಹೇಳಿದೆ. ಅವರು ಕೇಳಿದ್ದು ಒಂದೇ: “ಜೋಡಿ ಎಸ್.ಯು. ಟ್ಯೂನ್ ಮಾಡೋದನ್ನ ಹತ್ತಿರದಿಂದ ನೋಡೋಕೆ ಬಿಡ್ತಾರೇನೋ?” “ಬಿಡ್ತಾರೆ, ಎಲ್ಲಾ ನೋಡಬಹುದು” ಎಂದೆ. ಅವರ ಪ್ರವಾಸದ ಉದ್ದೇಶವೆಲ್ಲ ಆ ಒಂದು ಪ್ರಶ್ನೆಯಲ್ಲಿತ್ತು. ನನಗದು ಮಾತಿನ ನಡುವೆ ಬಂದುಹೋದ ಕುತೂಹಲದಂತೆ ಕೇಳಿಸಿತು.

ಗುಡ್‌ವುಡ್ ಯಾಕೆ ಎಂಬುದನ್ನೂ ಹೇಳಬೇಕು. ಸಸೆಕ್ಸಿನ ಚಿಚೆಸ್ಟರ್ ಊರಿನ ಪಕ್ಕದ ಈ ಟ್ರ್ಯಾಕ್ ಎರಡನೇ ಮಹಾಯುದ್ಧದಲ್ಲಿ ವೆಸ್ಟ್‌ಹ್ಯಾಂಪ್‌ನೆಟ್ ಎಂಬ ಯುದ್ಧವಿಮಾನ ನಿಲ್ದಾಣವಾಗಿತ್ತು. ವಿಮಾನಗಳು ಓಡಾಡಲು ಸುತ್ತಲೂ ಹಾಕಿದ್ದ ರಸ್ತೆಯನ್ನೇ ಜಮೀನಿನ ಒಡೆಯರಾದ ರಿಚ್ಮಂಡ್‌ನ ಡ್ಯೂಕ್ 1948ರ ಸೆಪ್ಟೆಂಬರ್ 18ರಂದು ರೇಸ್ ಟ್ರ್ಯಾಕ್ ಆಗಿ ತೆರೆದರು. ಹೆಚ್ಚುಕಡಿಮೆ 3.8 ಕಿಲೋಮೀಟರ್ ಸುತ್ತಳತೆ. ಹದಿಹರೆಯದ ಸ್ಟರ್ಲಿಂಗ್ ಮಾಸ್ ಅಂದೇ ಅಲ್ಲಿ ಒಂದು ರೇಸ್ ಗೆದ್ದರು. 1962ರ ಈಸ್ಟರ್ ಸೋಮವಾರ ಅದೇ ಟ್ರ್ಯಾಕಿನ ಸೇಂಟ್ ಮೇರೀಸ್ ತಿರುವಿನ ಬಳಿ ಆದ ಅಪಘಾತ ಅವರ ದೊಡ್ಡ ರೇಸುಗಳ ಬದುಕನ್ನು ಮುಗಿಸಿತು. ಕಾರುಗಳ ವೇಗಕ್ಕೆ ಟ್ರ್ಯಾಕು ಸಾಲದೆಂದು 1966ರಲ್ಲಿ ರೇಸ್ ನಿಲ್ಲಿಸಿದರು. ಡ್ಯೂಕರ ಮೊಮ್ಮಗ 1998ರಲ್ಲಿ ಅದೇ ಸೆಪ್ಟೆಂಬರ್ 18ರಂದು ಬಾಗಿಲು ಮತ್ತೆ ತೆರೆದರು. ಅಂದಿನಿಂದ ಸೆಪ್ಟೆಂಬರಿನ ಒಂದು ವಾರಾಂತ್ಯ, ಶುಕ್ರವಾರದಿಂದ ಭಾನುವಾರದವರೆಗೆ, ಆ ಹದಿನೆಂಟು ವರ್ಷಗಳ ಕಾಲದ ಕಾರುಗಳು ಅಲ್ಲಿ ಓಡುತ್ತವೆ. ಪ್ರದರ್ಶನದ ಮೆರವಣಿಗೆಯಲ್ಲ, ನಿಜವಾದ ರೇಸು. ಬಂದವರೂ ಆ ಕಾಲದ ಉಡುಪಿನಲ್ಲೇ ಬರುತ್ತಾರೆ.

ಇದನ್ನು ಅಪ್ಪನಿಗೆ ಹೇಳಿದರೆ ಅವರಿಗೆ ನೆನಪಾದದ್ದು ಷೋಲಾವರಂ. ಮದ್ರಾಸಿನ ಹೊರಗೆ ಯುದ್ಧಕಾಲದ ಪಾಳುಬಿದ್ದ ಏರ್‌ಸ್ಟ್ರಿಪ್ಪಿನಲ್ಲಿ ನಡೆಯುತ್ತಿದ್ದ ರೇಸುಗಳಿಗೆ ಬೆಂಗಳೂರಿನಿಂದಲೂ ಜನ ಹೋಗುತ್ತಿದ್ದರು. ಗಿರಾಕಿಯೊಬ್ಬರ ಕಾರಿಗೆ ಮೆಕ್ಯಾನಿಕ್ ಆಗಿ, ಡಿಕ್ಕಿಯಲ್ಲಿ ಟೂಲ್ ಬಾಕ್ಸ್ ಇಟ್ಟುಕೊಂಡು, ರಾತ್ರಿಯೆಲ್ಲ ಪ್ರಯಾಣ ಮಾಡಿ ಅಪ್ಪನೂ ಹೋಗಿದ್ದರು. ರೇಸ್ ಯಾರು ಗೆದ್ದರೆಂಬುದು ಅವರಿಗೆ ನೆನಪಿಲ್ಲ. ಪಕ್ಕದ ಟೆಂಟಿನವರು ಸಿಲಿಂಡರ್ ಹೆಡ್ಡಿಗೆ ಏನು ಮಾಡಿದ್ದರೆಂಬುದು ನೆನಪಿದೆ.

ಇಷ್ಟೆಲ್ಲ ಕೇಳಿಸಿಕೊಂಡೂ ನಾನು ಬೇರೆಯೇ ಯೋಜನೆ ಹಾಕಿದೆ. ಭಾನುವಾರವನ್ನೇ ಆರಿಸಿದೆ, ಯಾಕೆಂದರೆ ಒಂದು ಗಂಟೆಯ ಟೂರಿಸ್ಟ್ ಟ್ರೋಫಿ ರೇಸ್ ಅಂದು. ಇಡೀ ಜಗತ್ತಿನಲ್ಲಿ ನಲವತ್ತಕ್ಕೂ ಕಡಿಮೆ ತಯಾರಾದ ಫೆರಾರಿ 250 ಜಿ.ಟಿ.ಓ.ದಂಥ ಕಾರುಗಳು ಜಾಗ್ವಾರ್ ಇ-ಟೈಪ್‌ಗಳ, ಕೋಬ್ರಾಗಳ ಜೊತೆ ಮೈಗೆ ಮೈ ತಾಗಿಸಿ ಓಡುವ ರೇಸು. ಶುಕ್ರವಾರ ಹೆಚ್ಚಾಗಿ ಪ್ರಾಕ್ಟೀಸ್. ಅದಕ್ಕಾಗಿ ರಜೆ ಹಾಕುವುದು ವ್ಯರ್ಥ ಎನಿಸಿತು. ಹೆಚ್ಚಿಗೆ ದುಡ್ಡು ಕೊಟ್ಟು ಲಾವಂಟ್ ತಿರುವಿನ ಗ್ರ್ಯಾಂಡ್‌ಸ್ಟ್ಯಾಂಡಿನಲ್ಲಿ ಸೀಟು ಕಾದಿರಿಸಿದೆ. ಮ್ಯಾಪಿನಲ್ಲಿ ಅದು ಒಳ್ಳೆಯ ಜಾಗದಂತೆ ಕಂಡಿತು. ಪ್ಯಾಡಕ್ಕಿಗೂ ಅದಕ್ಕೂ ಎಷ್ಟು ದೂರ, ಮಂಡಿ ನೋವಿನ ಮನುಷ್ಯ ಅಷ್ಟು ನಡೆಯಬಲ್ಲರೇ ಎಂದು ಯೋಚಿಸಲಿಲ್ಲ. ಟೈಮ್‌ಟೇಬಲ್, ಪಾರ್ಕಿಂಗ್, ಊಟ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿದ್ದೆ.

ಅಪ್ಪ ಬೆಂಗಳೂರು ಬಿಡುವ ಮುಂಚೆ ಅಮ್ಮ ಫೋನಿನಲ್ಲಿ ಕೇಳಿದ್ದಳು: “ಮದುವೆ ಕೋಟು ಟ್ರಂಕಿನಲ್ಲಿದೆ, ನುಸಿಗುಳಿಗೆ ಹಾಕಿ ಚೆನ್ನಾಗಿಟ್ಟಿದೀನಿ. ಕಳಿಸಲೇನೋ?” ಆ ಕಾಲದ ಹೊಲಿಗೆ, ಅಗಲ ಕಾಲರಿನ ಬೂದು ಬಣ್ಣದ ಕೋಟು. ಲಗೇಜಿನ ತೂಕ ಹೆಚ್ಚಾಗುತ್ತದೆ, ಸ್ವೆಟರ್ರು ಜರ್ಕಿನ್ನು ಸಾಕು ಎಂದೆ.

ಆ ಭಾನುವಾರ ಬೆಳಗ್ಗೆ ಎ27 ರಸ್ತೆಯಲ್ಲಿ ವಾಹನಗಳ ಸಾಲು ತೆವಳುತ್ತಿತ್ತು. ಹುಲ್ಲಿನ ಬಯಲಿನಲ್ಲಿ ಕಾರು ನಿಲ್ಲಿಸಿ ನಮ್ಮ ಸೀಟು ಹುಡುಕುವ ಹೊತ್ತಿಗೆ ಅಪ್ಪನ ಮಂಡಿ ಮುಷ್ಕರ ಹೂಡಿತ್ತು. ರೇಸುಗಳೇನೋ ಅದ್ಭುತವಾಗಿದ್ದವು. ಸಪೂರ ಟೈರಿನ ಮೇಲೆ ಕಾರು ಇಡಿಯಾಗಿ ಜಾರುತ್ತ, ಚಾಲಕ ಸ್ಟಿಯರಿಂಗನ್ನು ಎದುರು ದಿಕ್ಕಿಗೆ ತಿರುಗಿಸಿಕೊಂಡೇ ತಿರುವು ದಾಟುವುದನ್ನು ಈಗಿನ ರೇಸುಗಳಲ್ಲಿ ನೋಡಲು ಸಿಗದು. ಅಪ್ಪನೂ ನೋಡಿದರು. ಆದರೆ ಪ್ರತಿ ರೇಸ್ ಮುಗಿದು ಕಾರುಗಳು ಒಳಕ್ಕೆ ಹೋಗುವಾಗ ಅವರ ಕತ್ತು ಅವುಗಳ ಹಿಂದೆಯೇ ಹೊರಳುತ್ತಿತ್ತು. ಒಂದು ಹಸಿರು ಕಾರು ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಸೈಲೆನ್ಸರಿನಲ್ಲಿ ಪಟಪಟ ಸಿಡಿಯುತ್ತಿತ್ತು. ಏನು ಕಾಯಿಲೆಯಿರಬಹುದೆಂದು ನನಗೆ ವಿವರಿಸಿ, “ಒಳಗೆ ಹೋಗಿ ನೋಡೋಣವೇನೋ?” ಎಂದರು.

ಟ್ರ್ಯಾಕಿನ ಒಳಬದಿಗೆ ದಾಟಿ, ಅಲ್ಲಲ್ಲಿ ಕೂತು, ಪ್ಯಾಡಕ್ಕಿನ ಗೇಟು ತಲುಪಿದೆವು. ಗಾಳಿಯಲ್ಲಿ ಹರಳೆಣ್ಣೆ ಸುಟ್ಟ ವಾಸನೆ. ಹಿಂದೆ ರೇಸ್ ಎಂಜಿನ್ನುಗಳಿಗೆ ಹರಳೆಣ್ಣೆಯಿಂದ ಮಾಡಿದ ಆಯಿಲ್ ಹಾಕುತ್ತಿದ್ದರು, ಕೆಲವರು ಈಗಲೂ ಹಾಕುತ್ತಾರೆ. ಅಪ್ಪನ ಮುಖ ಅರಳಿತು. “ಷೋಲಾವರಂ ವಾಸನೆ ಕಣೋ!” ಗೇಟಿನಲ್ಲಿದ್ದ ಹಿರಿಯರು ಅಪ್ಪನ ಜರ್ಕಿನ್, ನನ್ನ ಜೀನ್ಸ್ ನೋಡಿ, ಬಹಳ ಸೌಜನ್ಯದಿಂದ, ಆಗುವುದಿಲ್ಲ ಎಂದರು. ಅವರದೇನೂ ತಪ್ಪಿಲ್ಲ. ಗೇಟಿನಾಚೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಒಂದು ಎಂ.ಜಿ.ಯ ಬಾನೆಟ್ ತೆರೆದಿತ್ತು. ಹುಡುಗನೊಬ್ಬ ಅದರೊಳಗೆ ಬಗ್ಗಿ ನಿಂತಿದ್ದ. ಅವನ ಬೆನ್ನು ಕಾಣುತ್ತಿತ್ತು, ಎಂಜಿನ್ ಕಾಣುತ್ತಿರಲಿಲ್ಲ.

ನಾನು ನಿಜವಾಗಿ ಸೋತದ್ದು ಇದಾದ ಮೇಲೆ. ರಿವೈವಲ್‌ನಲ್ಲಿ ಹಳೆಯ ಬಟ್ಟೆ ಮಾರುವ ಅಂಗಡಿಗಳ ಒಂದು ಬೀದಿಯೇ ಇರುತ್ತದೆ. ಟ್ವೀಡ್ ಕೋಟುಗಳು, ಟೈಗಳು, ಹ್ಯಾಟುಗಳು ನೇತಾಡುವ ಅಂಗಡಿಗಳನ್ನು ದಾಟಿಯೇ ನಾವು ಬಂದಿದ್ದೆವು. “ಒಂದು ಕೋಟು ತಗೊಂಡುಬಿಡೋಣಪ್ಪ” ಎಂದೆ. “ಒಂದು ದಿನಕ್ಕೆ ಅಷ್ಟು ದುಡ್ಡಾ? ಬೇಡ ಬೇಡ, ನಡಿ” ಎಂದರು. ನಾನು ಒಪ್ಪಿಕೊಂಡುಬಿಟ್ಟೆ. ನಮ್ಮಪ್ಪ ಯಾವುದಕ್ಕೆ ತಾನೆ ಮೊದಲ ಸಲ ಕೇಳಿದಾಗ ಬೇಡ ಎಂದಿಲ್ಲ! ಹೊಸ ಚಪ್ಪಲಿಗೆ, ಕಣ್ಣಿನ ಆಪರೇಷನ್ನಿಗೆ, ಹಬ್ಬದ ದಿನ ಇನ್ನೊಂದು ಹೋಳಿಗೆಗೂ ಬೇಡವೆನ್ನುವವರು. ಅಮ್ಮನಾಗಿದ್ದರೆ ಮಾತಾಡದೆ ಬಡಿಸಿರುತ್ತಿದ್ದಳು. ನನಗೋ, ಮೂರು ಗಂಟೆಯೊಳಗೆ ಸೀಟಿಗೆ ಮರಳಬೇಕೆಂಬ ನನ್ನದೇ ಪಟ್ಟಿ ತಲೆಯಲ್ಲಿತ್ತು. ಜಿ.ಟಿ.ಓ.ಗಳ ರೇಸ್ ತಪ್ಪಿಹೋಗಬಾರದೆಂಬ ಆತುರ ನನ್ನದು, ಅವರದಲ್ಲ. ಅವರ ಬೇಡ ನನಗೆ ಅನುಕೂಲವಾಗಿತ್ತು.

ಹಿಂತಿರುಗುವಾಗ ಸ್ಟಾರ್ಟ್ ಲೈನಿನ ಬಳಿ ಬೇಲಿ ಹಿಡಿದು ಸ್ವಲ್ಪ ನಿಂತೆವು. ಚಿಕ್ಕ ಮಕ್ಕಳ ಪೆಡಲ್ ಕಾರ್ ರೇಸ್ ಆಗ ಶುರುವಾಗುತ್ತಿತ್ತು. ಆಸ್ಟಿನ್ ಜೆ40 ಎಂಬ ಆ ಪುಟ್ಟ ಕಾರುಗಳನ್ನು ವೇಲ್ಸ್‌ನಲ್ಲಿ, ಕಲ್ಲಿದ್ದಲ ಧೂಳಿನಿಂದ ಶ್ವಾಸಕೋಶ ಕೆಟ್ಟ ಗಣಿಕಾರ್ಮಿಕರಿಗೆ ಕೆಲಸ ಕೊಡಲೆಂದೇ ತೆರೆದ ಕಾರ್ಖಾನೆಯಲ್ಲಿ ಮಾಡುತ್ತಿದ್ದರು. ಅದನ್ನು ಹೇಳಿದಾಗ ಅಪ್ಪ ಮತ್ತೆ ಮತ್ತೆ ಆ ಕಾರುಗಳ ಬೆಸುಗೆ ನೋಡಲು ಕತ್ತು ಚಾಚಿದರು. ರಾತ್ರಿ ಮನೆಗೆ ಬಂದು ಎಲ್ಲರ ಮುಂದೆ “ಬಹಳ ಚೆನ್ನಾಗಿತ್ತು” ಎಂದು ವರ್ಣಿಸಿದರು. ಕೋಟಿನ ವಿಷಯ ಎತ್ತಲಿಲ್ಲ. ಅವರು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಪ್ಪನಿಗೆ ಈಗ ಅಷ್ಟು ದೂರದ ವಿಮಾನ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದಾರೆ. ಆಮೇಲೊಂದು ವರ್ಷ ನಾನೊಬ್ಬನೇ ಹೋದೆ, ಶುಕ್ರವಾರ, ಕೋಟು-ಟೈ ಹಾಕಿಕೊಂಡು. ಹೋದ ಮೇಲೆಯೇ ತಿಳಿದದ್ದು ಶುಕ್ರವಾರದ ಬೆಲೆ. ಇಂಥ ಕಡೆ ಪ್ರಾಕ್ಟೀಸ್ ದಿನವೇ ಜೀವಾಳ. ಕಾರು ನಾಲ್ಕು ಸುತ್ತು ಹೋಗಿಬರುತ್ತದೆ, ಏನೋ ಸರಿಯಿಲ್ಲವೆಂದು ಚಾಲಕ ಹೇಳುತ್ತಾನೆ, ಬಾನೆಟ್ ತೆರೆಯುತ್ತದೆ, ಎಲ್ಲರೂ ಬಗ್ಗುತ್ತಾರೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಎಷ್ಟೋ ಕಾರುಗಳ ಕೆಲಸ ಮುಗಿದೇಹೋಗಿರುತ್ತದೆ, ಉಳಿದವರಿಗೆ ಮಾತಾಡಲು ಪುರುಸೊತ್ತಿರುವುದಿಲ್ಲ. ಈಗಿನ ಫಾರ್ಮುಲಾ ಒನ್ ಎಂಜಿನ್ನನ್ನು ಹೊರಗಿನವರು ನೋಡುವುದೇ ಕಷ್ಟ. ಇಲ್ಲಿ ಬಗ್ಗಿ ನೋಡಿದರೆ ಮೆಕ್ಯಾನಿಕ್ ತಾನೇ ಜಾಗ ಬಿಟ್ಟು ಪಕ್ಕಕ್ಕೆ ಸರಿಯುತ್ತಾನೆ. ಈಗ ಯಾರಾದರೂ ಕೇಳಿದರೆ ನಾನು ಹೇಳುವುದು, ಮೊದಲು ಪ್ಯಾಡಕ್ಕಿಗೆ ದಿನ ಗೊತ್ತುಮಾಡಿಕೊಳ್ಳಿ, ಅದಕ್ಕೆ ತಕ್ಕ ಬಟ್ಟೆ, ಅದಕ್ಕೆ ತಕ್ಕ ಶೂ. ಗ್ರ್ಯಾಂಡ್‌ಸ್ಟ್ಯಾಂಡಿನ ಸೀಟು ಕೊನೆಯ ಮಾತು. ಸೀಟಿಲ್ಲದೆಯೂ ಬೇಲಿ ಹಿಡಿದು ನಿಂತು ರೇಸ್ ನೋಡಬಹುದು. ವಸತಿಯನ್ನು ಮಾತ್ರ ತಿಂಗಳುಗಟ್ಟಲೆ ಮುಂಚೆ ನೋಡಿಕೊಳ್ಳಬೇಕು, ಚಿಚೆಸ್ಟರ್ ಚಿಕ್ಕ ಊರು.

ಆ ಶುಕ್ರವಾರ ಪ್ಯಾಡಕ್ಕಿನಲ್ಲಿ ಒಂದು ಎಂ.ಜಿ. ಆಗಷ್ಟೇ ಪ್ರಾಕ್ಟೀಸ್ ಮುಗಿಸಿ ಬಂದಿತ್ತು. ಜೋಡಿ ಎಸ್.ಯು. ಮಧ್ಯವಯಸ್ಸಿನ ಮೆಕ್ಯಾನಿಕ್ ರಬ್ಬರ್ ಪೈಪನ್ನು ಕಿವಿಗೆ ಹಿಡಿದಿದ್ದ. ಅನುಮತಿ ಕೇಳಿ ವಿಡಿಯೋ ತೆಗೆದು ಅಪ್ಪನಿಗೆ ಕಳಿಸಿದೆ. ಅಲ್ಲಿ ಆಗಲೇ ಸಂಜೆ. ಕೂಡಲೇ ಉತ್ತರ ಬಂತು: “ಪ್ಲಗ್ ಯಾವ ಬಣ್ಣ ಇದೆ?”

ನಾನು ಅದನ್ನು ನೋಡಿರಲಿಲ್ಲ, ನೋಡಬೇಕೆಂದೂ ಗೊತ್ತಿರಲಿಲ್ಲ. ಕೇಳಿದಾಗ ಮೆಕ್ಯಾನಿಕ್ ಎಂಜಿನ್ ಆರಿಸಿ, ನಾಲ್ಕೂ ಪ್ಲಗ್ ಬಿಚ್ಚಿ, ಒಂದು ಬಟ್ಟೆಯ ಮೇಲೆ ಕ್ರಮವಾಗಿ ಜೋಡಿಸಿಟ್ಟ. ಫೋಟೋ ಕಳಿಸಿದ ಮೇಲೆ ಅಪ್ಪ ಫೋನೇ ಮಾಡಿದರು. ಕಾಫಿ ಬಣ್ಣವಿದ್ದರೆ ಸರಿ, ಬಿಳಿಚಿಕೊಂಡಿದ್ದರೆ ಪೆಟ್ರೋಲು ಸಾಲದು, ಕಪ್ಪಾಗಿದ್ದರೆ ಹೆಚ್ಚಾಗಿದೆ ಎಂದು ಮೊದಲು ನನಗೆ ಪಾಠ ಹೇಳಿದರು. ಆಮೇಲೆ, “ಒಂದು, ಎರಡು ಚೆನ್ನಾಗಿವೆ. ಮೂರು, ನಾಲ್ಕು ಕಪ್ಪು. ಹಿಂದಿನ ಕಾರ್ಬುರೇಟರ್ ರಿಚ್ ಆಗಿದೆ ಕಣೋ. ಜೆಟ್ ನಟ್ಟು ಒಂದೆರಡು ಫ್ಲಾಟ್ ಮೇಲಕ್ಕೆ ತಿರುಗಿಸೋಕೆ ಹೇಳು” ಎಂದರು.

ಹೇಳಿದೆ. ಮೆಕ್ಯಾನಿಕ್ ಪ್ಲಗ್ಗುಗಳನ್ನು ಇನ್ನೊಮ್ಮೆ ನೋಡಿ, ಕೈ ಒರೆಸಿಕೊಂಡು, ಫೋನಿನಲ್ಲಿರುವುದು ಯಾರೆಂದು ಕೇಳಿದ. ನಮ್ಮಪ್ಪ, ಬೆಂಗಳೂರಿನಲ್ಲಿ ಗ್ಯಾರೇಜ್ ಇಟ್ಟಿದ್ದವರು ಎಂದೆ. ಹಾಗಾದರೆ ಈ ಕಡೆ ಕೊಡು ಎಂದು ಕೈ ಚಾಚಿದ. ಫೋನು ಕೊಟ್ಟೆ.